ಒಂದೇ ಕುಕ್ಕರಿನ ಮನೆ

“ನೋಡಿ, ನೀವು ಆ ರೂಮಿಗೆ ಹೋದ್ರೆ ತಿಂಗಳಿಗೆ ನಾಲ್ಕು ದಿನದ ಸಂಬಳ ಉಳಿಯುತ್ತೆ,” ಎನ್ನುತ್ತ ಅವನು ಲೆಕ್ಕ ಬರೆದ ಕಾಗದವನ್ನು ಅವಳ ಮುಂದಿಟ್ಟ. ಮುಖದ ಮೇಲೆ ಭಾರೀ ಉಪಕಾರ ಮಾಡಿದ ಕಳೆ.

ಅವಳ ಕೈಯಲ್ಲಿ ಈರುಳ್ಳಿಯಿತ್ತು. ಎತ್ತಿ ಎಸೆಯಬೇಕೆನಿಸಿತು. ಮನೆಯಲ್ಲಿ ಈರುಳ್ಳಿಗೇನೂ ಬರವಿರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹೋದ ವಾರ ಈ ಮಹಾಶಯ ಇಡೀ ಮೂಟೆಯನ್ನೇ ಹೊತ್ತು ಮೂರು ಮಹಡಿ ಹತ್ತಿದ್ದ. ಊರಿನವರ ಲಿಫ್ಟೆಲ್ಲ ರಿಪೇರಿ ಮಾಡುವವನ ಕಟ್ಟಡದಲ್ಲಿ ಲಿಫ್ಟಿಲ್ಲ. ಅರ್ಧ ಮೂಟೆ ಈಗಾಗಲೇ ಮೊಳಕೆಯೊಡೆದಿತ್ತು.

ಪರದೇಶಕ್ಕೆ ಬಂದ ವಾರವೇ ಅವಳಿಗೆ ಗೊತ್ತಾಗಿತ್ತು, ದಂತವೈದ್ಯರ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವವಳ ಸಂಬಳಕ್ಕೆ ಇಲ್ಲಿ ಒಂದು ಮನೆ ಸಿಗುವುದಿಲ್ಲವೆಂದು. ಯಾರೋ ಕನ್ನಡದವರು ಇವನನ್ನು ತೋರಿಸಿದ್ದರು. ಎರಡು ರೂಮು, ಇಬ್ಬರು, ಬಾಡಿಗೆ ಅರ್ಧರ್ಧ. ಊರಿನಲ್ಲಿರುವ ಅಕ್ಕನಿಗೆ ಮಾತ್ರ ‘ಜೊತೆಗೊಬ್ಬಳು ಹುಡುಗಿ ಇದ್ದಾಳೆ’ ಎಂದು ಹೇಳಿ ಪಾರಾಗಿದ್ದಳು.

ಗ್ಯಾಸ್ ಉಳಿಸಲೆಂದು ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಮೂರು ದಿನದ ಅಡುಗೆ ಮಾಡುತ್ತಿದ್ದರು. ಒಂದೇ ಕುಕ್ಕರಿನಲ್ಲಿ ಕೆಳಗೆ ಬೇಳೆ, ನಡುವೆ ಆಲೂಗಡ್ಡೆ, ಮೇಲೆ ಅಕ್ಕಿ. ಹನ್ನೊಂದು ತಿಂಗಳಲ್ಲಿ ಯಾವಾಗಲೋ ಅವಳು ಭಾನುವಾರಕ್ಕೆ ಕಾಯತೊಡಗಿದ್ದಳು. ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಅವನು ತೋಳಿನ ಸಂದಿಯಿಂದ ತನ್ನನ್ನು ನೋಡುತ್ತಾನೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂಬುದು ಮಾತ್ರ ಅವನಿಗೆ ಗೊತ್ತಿಲ್ಲ. ಅಂಥ ಮಂಕು.

ಮೊನ್ನೆ ಲ್ಯಾಬಿನ ಪಕ್ಕದಲ್ಲೇ ಅಗ್ಗದ ರೂಮೊಂದು ಖಾಲಿಯಾಯಿತು. ಅವಳು ಅಡ್ವಾನ್ಸ್ ಕೊಟ್ಟು ಬಂದಳು. ಬರುತ್ತೀನೋ ಇಲ್ಲವೋ ಎಂದು ಇವತ್ತು ಮಧ್ಯಾಹ್ನದೊಳಗೆ ತಿಳಿಸಬೇಕು. ಅದನ್ನು ಅವನಿಗೆ ಹೇಳಿದ್ದು ಒಂದೇ ಆಸೆಯಿಂದ. ಬೇಡ ಅನ್ನಲಿ ಎಂದು. ಅವನು ಪೆನ್ನು ಹುಡುಕಿದ್ದ.

“ಬಸ್ ಖರ್ಚೂ ಉಳಿಯುತ್ತೆ,” ಎಂದ.

“ಉಳಿಯುತ್ತೆ.”

“ಬೆಳಿಗ್ಗೆ ಅರ್ಧ ಗಂಟೆ ಜಾಸ್ತಿ ಮಲಗಬಹುದು.”

“ಅದನ್ನೂ ಬರೆದಿದ್ದೀರಾ? ಭೇಷ್.” ಅವಳು ಕಾಗದ ತಿರುಗಿಸಿ ನೋಡಿದಳು. “ನಿಮ್ಮದೆಲ್ಲಿ?”

“ನನ್ನದೇನು?”

“ನಾನು ಹೋದಮೇಲೆ ಈ ಮನೆ ಬಾಡಿಗೆ ಪೂರ್ತಿ ಯಾರು ಕಟ್ತಾರೆ? ನಿಮ್ಮ ತಾತನಾ?”

ಅವನು ಹಲಗೆಯ ಮೇಲಿನ ಸಿಪ್ಪೆಯನ್ನು ಒಟ್ಟುಮಾಡತೊಡಗಿದ. “ನಮ್ಮ ಮೆಕ್ಯಾನಿಕ್‌ಗಳ ಹಾಲ್‌ನಲ್ಲಿ ಒಂದು ಮಂಚ ಇದೆ. ಆರು ಜನ ಇದ್ದಾರೆ. ಏಳನೆಯವನು ನಾನು.”

“ಅದನ್ನ ಯಾಕೆ ಬರೀಲಿಲ್ಲ?”

“ಬರೆದಿದ್ರೆ ನೀವು ಪಾಪ ಅಂತ ಉಳ್ಕೊಳ್ತಿದ್ರಿ.”

“ಅಯ್ಯೋ ದೇವರೇ!” ಅವಳ ತಾಳ್ಮೆ ಹರಿದೇಹೋಯಿತು. “ಪಾಪ ಅಂತ ಉಳಿಯೋಕೆ ನಾನೇನು ಧರ್ಮಛತ್ರ ಇಟ್ಟಿದ್ದೀನಾ? ಹೋಗೋದರ ಲೆಕ್ಕ ಇಷ್ಟುದ್ದ ಬರೆದ್ರಲ್ಲ, ಉಳಿಯೋದಕ್ಕೆ ಒಂದೇ ಒಂದು ಕಾರಣ ಬರೀರಿ ನೋಡೋಣ.”

“ದುಡ್ಡಿನ ಪ್ರಕಾರ ಒಂದೂ ಇಲ್ಲ.”

“ದುಡ್ಡು ಸುಟ್ಟುಹೋಗಲಿ! ಬಾಯಿಬಿಟ್ಟು ಹೇಳ್ರೀ.”

ಕುಕ್ಕರ್ ಕೂಗಿತು. ಅವನ ಕೈ ಅಭ್ಯಾಸಬಲದಿಂದ ಒಲೆಯತ್ತ ಹೋಗಿ ಉರಿ ತಗ್ಗಿಸಿತು. ಬೆನ್ನು ಹಾಕಿಕೊಂಡೇ ಮಾತಾಡಿದ, ಆ ಬೆನ್ನಿಗೇ ಧೈರ್ಯವಿದ್ದಂತೆ.

“ಹೋಗಬೇಡಿ. ನೀವು ಬಯ್ಯದ ಭಾನುವಾರ ಹೇಗಿರುತ್ತೆ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ. ನನಗೆ... ಅದು ಬೇಡ. ನನಗೆ ನೀವು ಬೇಕು.”

ಹನ್ನೊಂದು ತಿಂಗಳು! ಹನ್ನೊಂದು ತಿಂಗಳಲ್ಲಿ ಯಾರ್ಯಾರದೋ ಬಾಯಿಗೆ ಎಷ್ಟೋ ಹಲ್ಲು ಮಾಡಿಕೊಟ್ಟಿದ್ದಳು. ಇವನ ಬಾಯಿಂದ ಒಂದು ಮಾತು ತೆಗೆಯಲು ಇಷ್ಟು ಕಾಲ ಬೇಕಾಯಿತು. ಸಿಟ್ಟಿಗೋ ಏನೋ ಅವಳ ಕಣ್ಣು ತುಂಬಿತು. ಅವಳು ಅಲ್ಲೇ ಫೋನೆತ್ತಿ ಆ ರೂಮಿನ ಯಜಮಾನಿಗೆ, ತಾನು ಬರುವುದಿಲ್ಲವೆಂದು ಹೇಳಿದಳು. ಆಚೆಯಿಂದ ಬಂದ ಉತ್ತರಕ್ಕೆ “ಇರಲಿ, ಇಟ್ಕೊಳ್ಳಿ” ಎಂದು ಕರೆ ಮುಗಿಸಿದಳು.

ಅವನು ತಟ್ಟನೆ ತಿರುಗಿದ. “ಏನು ಇಟ್ಕೊಳ್ಳೋದು? ಅಡ್ವಾನ್ಸಾ? ಪೂರ್ತೀನಾ? ಅರ್ಧನಾದ್ರೂ ಕೇಳಬಹುದಿತ್ತಲ್ರೀ! ಅದು ಹೆಚ್ಚುಕಡಿಮೆ ಎರಡು ತಿಂಗಳ—”

ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ಅಂಗೈಯ ಕೆಳಗೆ ಅವನ ತುಟಿಗಳು ಇನ್ನೂ ಲೆಕ್ಕ ಹಾಕುತ್ತಿದ್ದವು. ಅವಳು ಕಣ್ಣು ಬಿಟ್ಟು ಗದರಿಸಿದಳು. ಸ್ವಲ್ಪ ಹೊತ್ತಿಗೆ ತುಟಿಗಳು ನಿಂತವು. ಆಮೇಲೆ ಬಹಳ ಮೆಲ್ಲಗೆ ಅಂಗೈಗೆ ಒತ್ತಿಕೊಂಡವು.

ಅವಳು ಕೈ ತೆಗೆಯಲಿಲ್ಲ.