ಅಂಗಳ ಕಾಣದ ಕಾಮೆಂಟ್ರಿ

ರೇಡಿಯೋ ಕೆಲಸದ ಮೊದಲ ವರ್ಷವಿಡೀ ನಾನು ದ್ಯಾಮೇಶನನ್ನು ‘ಕಾಕಾ’ ಎಂದೇ ಕರೆದೆ. ತಪ್ಪು ನನ್ನದಲ್ಲ. ಫೋನಿನಲ್ಲಿ ಆತನ ದನಿಯೇ ಹಾಗಿತ್ತು. ತೂಕದ್ದು, ಆತುರವಿಲ್ಲದ್ದು. ಪಟಕಾ ಸುತ್ತಿದ ಹಿರಿಯರೊಬ್ಬರನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಮಾತಾಡುತ್ತಿದ್ದೆ. ಒಂದು ಮುಂಜಾನೆ ನಮ್ಮ ರೇಡಿಯೋ ಕೋಣೆಯ ಮೆಟ್ಟಿಲೇರಿ, ಬಿಸಿಲಿಗೆ ಕಂದಿದ ಹುಡುಗನೊಬ್ಬ ಬಾಗಿಲಲ್ಲಿ ನಿಂತ.

“ಯಾರು ಬೇಕಾಗಿತ್ರಿ?”

“ನಾನ್ರಿ, ನಿಮ್ಮ ಕಾಕಾ.”

ಹೆಡ್‌ಫೋನು ಸರಿಪಡಿಸುವ ನೆಪದಲ್ಲಿ ತಲೆ ಬಗ್ಗಿಸಿದೆ. ಆತ ನಗಲಿಲ್ಲ. ನಗು ತಡೆದು ಹಿಡಿದಿದ್ದಾನೆಂದು ಕೆನ್ನೆ ಹೇಳುತ್ತಿತ್ತು.

“ವರ್ಷಗಟ್ಲೆ ಸುಮ್ನ ಕರಿಸ್ಕೊಂಡ್ರಲ್ರೀ!” ಎಂದು ಸಿಡುಕಿದೆ.

“ನೀವು ಕರಿಯೂದು ಚಲೋ ಅನಸ್ತಿತ್ತ್ರಿ,” ಎಂದ. ಆಮೇಲೆ ನನಗೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ನಮ್ಮ ‘ಅಖಾಡಾ ರೇಡಿಯೋ’ ಗಜೇಂದ್ರಗಡದ ಮಾರ್ಕೆಟ್ಟಿನಲ್ಲಿ, ಹತ್ತಿ ವ್ಯಾಪಾರಿ ಮಹಾಲಿಂಗಪ್ಪನವರ ಅಂಗಡಿಯ ಮೇಲೆ ಹುಟ್ಟಿತು. ಸಾಹುಕಾರರಿಗೆ ಆಟದ ಹುಚ್ಚು. ವ್ಯಾಪಾರ ಬಿಟ್ಟು ಕುಸ್ತಿ ನೋಡಲು ಓಡುವ ಗಂಡನನ್ನು ಅಂಗಡಿಯಲ್ಲಿ ಕೂರಿಸಲೆಂದೇ ಚನ್ನವ್ವನವರು ಈ ರೇಡಿಯೋ ಹಾಕಿಸಿದರು ಅನ್ನುವವರೂ ಇದ್ದಾರೆ. ಸದ್ದು ಗೋಡೆಗೆ ಬಡಿದು ಮರಳಬಾರದೆಂದು ಅವರು ತಾವು ಹೊಲಿದ ಕೌದಿಗಳನ್ನೆಲ್ಲ ಗೋಡೆಗೆ ಹೊಡೆಸಿದರು. ಆ ಕೌದಿಗಳ ನಡುವೆ ಕುಳಿತು ನಾನು ಕಬಡ್ಡಿ, ಕುಸ್ತಿ, ಎತ್ತಿನ ಚಕ್ಕಡಿ ಓಟ ಎಲ್ಲದಕ್ಕೂ ಕಾಮೆಂಟ್ರಿ ಹೇಳುತ್ತಿದ್ದೆ. ರೋಣ, ನರಗುಂದದ ಕಡೆಯ ಜನವೂ ಮೊಬೈಲಿನಲ್ಲಿ ಕೇಳುತ್ತಿದ್ದರು.

ಅದರೊಳಗೊಂದು ಗುಟ್ಟಿತ್ತು. ನಾನು ಯಾವ ಪಂದ್ಯವನ್ನೂ ಕಣ್ಣಾರೆ ಕಂಡವಳಲ್ಲ. ಪ್ರಸಾರದ ಯಂತ್ರ ಬಿಟ್ಟು ಏಳುವಂತಿರಲಿಲ್ಲ. ದ್ಯಾಮೇಶ ಅಂಗಳದ ಅಂಚಿನಲ್ಲಿ ನಿಂತು ಫೋನಿನಲ್ಲಿ ನನ್ನ ಕಿವಿಗೆ ಹೇಳುತ್ತಿದ್ದ, ನಾನು ಎದುರಿಗೇ ನೋಡುತ್ತಿರುವವಳಂತೆ ಊರಿಗೆಲ್ಲ ಹೇಳುತ್ತಿದ್ದೆ. ಈ ರೂಪಾ ಅಂಗಳದಲ್ಲೇ ಇದ್ದಾಳೆಂದು ಕೇಳುವ ಜನ ನಂಬಬೇಕು, ಆತನ ಹೆಸರು ಬರಕೂಡದು. ಇದು ಸಾಹುಕಾರರ ಕಟ್ಟಪ್ಪಣೆ.

“ಯಾವಗಲ್ ಊರಿನ ಹುಡುಗ ರೇಡ್ ಮಾಡಾಕ ಬಂದಾನ್ರಿ. ಬಲಗಾಲು ಎಳಿತಾನ, ನೋವೈತಿ. ಆದ್ರ ಮಾರಿಮ್ಯಾಲ ತೋರಸವಲ್ಲ,” ಎನ್ನುತ್ತಿದ್ದ. ಸೋತವನನ್ನೂ ಆತ ಹೀಗೆ ಅಕ್ಕರೆಯಿಂದ ನೋಡುತ್ತಿದ್ದ. ಆ ಕಣ್ಣುಗಳ ಮೇಲೆ ನನಗೆ ಮನಸ್ಸಾಯಿತು.

ಮಲಪ್ರಭೆ ಉಕ್ಕಿದ ವರ್ಷ ಆಟಗಳೆಲ್ಲ ನಿಂತವು. ಆತನ ಊರು ಹೊಳೆಮಣ್ಣೂರ. ನೀರು ಎಲ್ಲಿಗೆ ಬಂತೆಂದು ಆತ ಹೇಳಿದ, ನಾನು ಅದನ್ನೇ ರೇಡಿಯೋದಲ್ಲಿ ಹೇಳಿದೆ. ಒಂದು ಮಧ್ಯಾಹ್ನ ಫೋನು ಕಡಿಯಿತು. ಸಂಜೆಯವರೆಗೆ ಹಾಡು ಹಾಕುತ್ತ ಕೂತೆ, ಯಾವ ಹಾಡೆಂದು ನನಗೇ ತಿಳಿಯಲಿಲ್ಲ. ಕೊನೆಗೆ ಆತನ ದನಿ ಬಂತು.

“ಸಾಲಿ ಮಾಳಿಗಿ ಮ್ಯಾಲ ಅದೇವ್ರಿ. ಅವ್ವನೂ ಅದಾಳ.”

ಅತ್ತುಬಿಟ್ಟೆ. ಇವನಿಲ್ಲದೆ ನನಗಾಗದು ಎಂದು ಅವತ್ತೇ ಗೊತ್ತಾಯಿತು. ಮಾತೇ ಹೊಟ್ಟೆಪಾಡಾದವಳಿಗೆ ಅದೊಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಈ ವರ್ಷ, ಚೀಲದಲ್ಲಿ ಹಿಡಿಯುವ ಹೊಸ ಯಂತ್ರ ಬಂತು. “ಇನ್ನ ನೀನ ಅಂಗಳಕ್ಕ ಹೋಗವಾ,” ಎಂದರು ಸಾಹುಕಾರರು. ಮೆಣಸಗಿಯಲ್ಲಿ ಕಬಡ್ಡಿ. ಗೆರೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಜಂಬದಿಂದ ಕೂತೆ. ಪಂದ್ಯ ಶುರುವಾಯಿತು. ಧೂಳು, ಕೂಗು, ಓಡುವ ಕಾಲುಗಳು. ಯಾರು ಯಾರನ್ನು ಮುಟ್ಟಿದರು, ಯಾರು ಔಟಾದರು, ಒಂದೂ ತಿಳಿಯಲಿಲ್ಲ. ಮೈಕಿನ ಮುಂದೆ ಬಾಯಿ ತೆರೆದವಳು ತೆರೆದಂತೆಯೇ ಉಳಿದೆ.

ಪಕ್ಕದಲ್ಲೇ ನಿಂತಿದ್ದ ದ್ಯಾಮೇಶ ನನ್ನನ್ನೊಮ್ಮೆ ನೋಡಿದ. ಏನೂ ಕೇಳದೆ ಬೇವಿನ ಮರದ ಹಿಂದಕ್ಕೆ ನಡೆದು ಫೋನ್ ಹಚ್ಚಿದ. ಇಯರ್‌ಫೋನು ಸಿಕ್ಕಿಸಿಕೊಂಡೆ.

“ಕಣ್ಣ ಮುಚ್ರಿ,” ಎಂದ ಮೆಲ್ಲಗೆ. “ನಾ ಅದೀನಿ.”

ಕಣ್ಣು ಮುಚ್ಚಿದ ಮೇಲೆ ನನಗೆ ಅಂಗಳ ಕಂಡಿತು. ಆತ ಹೇಳಿದಂತೆಯೇ ಕೊನೆಯವರೆಗೂ ಹೇಳಿದೆ.

ಪಂದ್ಯ ಮುಗಿದು ಮೈಕು ಬಂದ್ ಮಾಡಿದ ಮೇಲೆ ಆತ ವೈರು ಸುತ್ತುತ್ತ, ನನ್ನನ್ನು ನೋಡದೆ ಹೇಳಿದ: “ನರಗುಂದದಾಗ ಒಂದು ಸಾಲಿಯೊಳಗ ಆಟ ಕಲಸೋ ಕೆಲಸ ಸಿಕ್ಕೈತ್ರಿ. ಸೋಮವಾರದಿಂದ ಹೋಗಬೇಕು. ನೀವ ಅಂಗಳಕ್ಕ ಬಂದ್ರ, ಇಲ್ಲಿ ನಂದೇನ ಕೆಲಸ?”

“ಇವತ್ತ ನೋಡಿದ್ರಲ್ಲ ನನ್ನ ಹಣೇಬಾರ.”

“ರೂಢಿ ಆಗತೈತ್ರಿ.”

“ರೂಢಿ ಆಗೂದು ನನಗ ಬ್ಯಾಡಾಗಿದ್ರ?”

ವೈರು ಸುತ್ತುವ ಕೈ ನಿಂತಿತು. ಆತ ಕಣ್ಣೆತ್ತಿದ. ಕಣ್ಣಲ್ಲಿ ಕಣ್ಣಿಟ್ಟು ಆತ ನನ್ನನ್ನು ನೋಡಿದ್ದು ಅದೇ ಮೊದಲು. ಏನೋ ಹೇಳಲು ಹೊರಟ, ಅಷ್ಟರಲ್ಲಿ “ಟ್ರ್ಯಾಕ್ಟರ್ ಹೊಂಟೈತಿ, ಹತ್ರಿ ಲಗೂ” ಎಂದು ಯಾರೋ ಕೂಗಿದರು. ಟ್ರಾಲಿಯ ತುಂಬ ಬೆವೆತ ಆಟಗಾರರು. ಮಾತಿಗೆ ಜಾಗವೇ ಇರಲಿಲ್ಲ.

ಮರುದಿನ, ಐತವಾರದ ರಜೆಯಂದು, ರೇಡಿಯೋಗೆ ಹತ್ತು ವರ್ಷ ತುಂಬಿತು. ಅದರ ಇತಿಹಾಸ ಹೇಳುವ ಕಾರ್ಯಕ್ರಮ ನನ್ನದು. ಹತ್ತಿಯ ಅಂಗಡಿ, ಕೌದಿ, ಮೊದಲ ಕುಸ್ತಿ ಎಲ್ಲ ಹೇಳಿದೆ. ಆಮೇಲೆ ಬರೆದಿಟ್ಟ ಹಾಳೆಯನ್ನು ಮಗುಚಿ ಇಟ್ಟೆ. ಗಾಜಿನಾಚೆಯಿಂದ ಸಾಹುಕಾರರು ಮುಂದುವರಿಸು ಎಂದು ಕೈಯಾಡಿಸಿದರು.

“ಕೇಳುಗ ಬಂಧುಗಳೇ, ಇಷ್ಟ ವರ್ಷ ನಾ ಅಂಗಳದಾಗ ಇರಲಿಲ್ರಿ. ಆಟ ನೋಡಿದವ್ರು ಬ್ಯಾರೆ. ಹೊಳೆಮಣ್ಣೂರ ಹೊಳಿಯಪ್ಪನವರ ಮಗ, ದ್ಯಾಮೇಶ. ಅವರ ಹೆಸರು ಇಲ್ಲಿ ಒಮ್ಮೆನೂ ಬಂದಿಲ್ಲ.”

ಸಾಹುಕಾರರು ದಡಬಡಿಸಿ ಎದ್ದರು. ಚನ್ನವ್ವನವರು ತೋಳು ಹಿಡಿದು ಕೂರಿಸಿದರು.

“ನಮ್ಮ ಕಡೆ ಹೆಂಡ್ತಿ ಗಂಡನ ಹೆಸರ ನೆಟ್ಟಗ ಹೇಳೂದಿಲ್ಲ, ಒಡಪ ಕಟ್ಟಿ, ಅದ್ರಾಗ ಸೇರಿಸಿ ಹೇಳ್ತಾಳ. ನನಗೂ ಅವರ ಹೆಸರಿನ ಒಡಪ ಕಟ್ಟೋ ದಿನ ಬರ್ಲಿ ಅಂತ ಆಸೆ ಐತಿ. ಬಂದ್ರ ಮತ್ತ ಹಿಂಗ ಹೇಳಾಕ ಆಗೂದಿಲ್ಲ. ಅದಕ್ಕ ಈಗ ಬಾಯ್ತುಂಬ ಹೇಳ್ತೀನಿ. ದ್ಯಾಮೇಶ. ಅವರಿಗೆ ಒಪ್ಪಿಗಿ ಇಲ್ಲಂದ್ರ ಸಿಟ್ಟಿಲ್ಲ. ನರಗುಂದದಾಗ ಚಲೋ ಇರ್ಲಿ.”

ಹಾಡು ಹಾಕಿದೆ. ಹಾಡು ಮುಗಿಯುವ ಮೊದಲೇ ಆತನ ಫೋನು ಬಂತು. ಎತ್ತಿಕೊಂಡರೆ ಮಾತಿಲ್ಲ, ಬರೀ ಉಸಿರು.

“ಅಲ್ಲಿ ಏನ ಕಾಣಾಕತ್ತೈತಿ, ಅದನ್ನರೆ ಹೇಳ್ರಿ,” ಎಂದೆ.

“ಅವ್ವ ಒಲಿ ಮುಂದ ಕುಂತಾಳ್ರಿ. ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕವಲ್ಲಳು. ಸೆರಗ ಬಾಯಿಗೆ ಹಿಡ್ಕೊಂಡು ನಗಾಕತ್ತಾಳ.”

“ಮತ್ತ ನೀವು?”

“ನನಗೇನೂ ಕಾಣವಲ್ದ್ರಿ ರೂಪಾ. ಕಣ್ಣ ತುಂಬ್ಯಾವ.” ಆಮೇಲೆ ಒಂದೇ ಉಸಿರಿಗೆ ಹೇಳಿದ: “ವಾರವೆಲ್ಲ ನರಗುಂದದಾಗ ದುಡೀತೀನಿ, ಐತವಾರ ನಿಮ್ಮ ಕೂಡ ಅಂಗಳಕ್ಕ ಬರ್ತೀನಿ. ಅದಕ್ಕೂ ಮೊದಲ ಅವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ಲೇನು?”

“ಬರ್ರಿ,” ಎಂದೆ. ಹಿಂದೆಯೇ ಆತನ ಹೆಸರು ಹೇಳಲು ಹೋದೆ. ಊರಿಗೆಲ್ಲ ಕೇಳುವಂತೆ ಹೇಳಿದ ಹೆಸರು ಈಗ ನಾಲಿಗೆಗೆ ಬರಲೇ ಇಲ್ಲ, ನಾಚಿಕೆಯಾಯಿತು.