ಕೋಟ್ಯಧೀಶನ ಜೇಬಿನಲ್ಲಿ ಟೆಸ್ಟರ್

ನನ್ನ ಅಭಿಪ್ರಾಯ ಹರಪನಹಳ್ಳಿಗೆಲ್ಲ ತಿಳಿದದ್ದು ಒಂದು ಶ್ರದ್ಧಾಂಜಲಿಗೂ ಒಂದು ಬೋರ್‌ವೆಲ್ ಜಾಹೀರಾತಿಗೂ ನಡುವೆ.

ಲೋಕಲ್ ಚಾನೆಲ್ಲಿನ ಕೆಳಗೆ ಅಕ್ಷರಗಳು ಓಡುತ್ತವಲ್ಲ, ಆ ಸ್ಕ್ರೋಲ್‌ನಲ್ಲಿ. 'ಏಳು ಗಂಟೆಯ ಹೊಸ ಸೀರಿಯಲ್ ನೋಡುವುದಕ್ಕಿಂತ ಗೋಡೆ ನೋಡುವುದು ವಾಸಿ. ಗೋಡೆ ಅಳುವುದಿಲ್ಲ. ಇಂತಿ ರೇಖಾ, ಹರಪನಹಳ್ಳಿ.'

ಕೈಗೆ ಹತ್ತಿದ ರೊಟ್ಟಿ ಹಿಟ್ಟನ್ನೂ ತೊಳೆಯದೆ ಕೇಬಲ್ ಆಫೀಸಿಗೆ ಫೋನ್ ಮಾಡಿದೆ.

"ಯಾರ್ರೀ ಅದು, ನನ್ನ ಹೆಸರು ಟಿವಿಯಾಗ ಓಡಿಸಾಕ ಹತ್ತಿದವ್ರು?"

"ನೀವೇ ಕಳಿಸೀರಲ್ರೀ ಮೇಡಂ, ವಾಯ್ಸ್ ಮೆಸೇಜು."

"ಅದು ಕಂಪ್ಲೇಂಟ್ರೀ! ಬಾಕ್ಸ್ ಆಗಾಗ ಬಂದ್ ಆಗ್ತೈತಿ ಅಂತ ಕಳಿಸಿದ್ದು!"

"ಬಾಕ್ಸ್ ಬಗ್ಗೆ ನಾಲ್ಕು ಸೆಕೆಂಡ್ ಹೇಳೀರಿ. ಸೀರಿಯಲ್ ಬಗ್ಗೆ ಮೂರು ನಿಮಿಷ ಬೈದೀರಿ. ನಾ ಯಾವುದನ್ನ ಕಂಪ್ಲೇಂಟ್ ಅಂತ ತಿಳ್ಕೊಳ್ಲಿ?"

ಧ್ವನಿಯಲ್ಲಿ ನಗು ಇತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಫೋನ್ ಇಟ್ಟೆ. ಫೋನಿನ ಮೇಲೆಲ್ಲ ಜೋಳದ ಹಿಟ್ಟು.

ಮರುದಿನ ಬೆಳಿಗ್ಗೆ ಬಾಕ್ಸ್ ನೋಡಲು ಬಂದವನು ಅವನೇ. ಹೆಸರು ಕ್ರಾಂತಿಕುಮಾರ್. ಎತ್ತರದ ಆಳು, ಎಡ ಹುಬ್ಬಿನ ಮೇಲೆ ಒಂದು ಗೀರು, ಅಂಗಿಯ ಜೇಬಿನಲ್ಲಿ ಹಳದಿ ಹಿಡಿಕೆಯ ಟೆಸ್ಟರ್. ವೈರು ಕೂಡಿಸುವುದೂ ಅವನೇ, ಸ್ಕ್ರೋಲ್ ಬರೆಯುವುದೂ ಅವನೇ, ಭಾನುವಾರ ಹನ್ನೊಂದಕ್ಕೆ ಲೋಕಲ್ ಸುದ್ದಿ ಓದುವುದೂ ಅವನೇ.

"ರಾತ್ರಿ ಹನ್ನೆರಡು ಮಂದಿ ಫೋನ್ ಮಾಡಿದ್ರು, ಮೇಡಂ. ಉಳಿದ ನಾಲ್ಕು ಹೊಸ ಸೀರಿಯಲ್ ಹೆಂಗದಾವು ಅಂತ ಆ ರೇಖಾನ್ನ ಕೇಳ್ರಿ ಅಂದ್ರು."

ಮಂಚದ ಮೇಲಿಂದ ನನ್ನ ಅಜ್ಜಿ ಸುಂಕಮ್ಮ ಬಾಯಿ ಹಾಕಿದಳು. "ಆಕೀನ್ನ ಏನ್ ಕೇಳ್ತೀಯಪಾ? ನನ್ನ ಕೇಳು."

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ಮೂರು ವರ್ಷದ ಹಿಂದೆ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಅದೇ ವರ್ಷ ಕಣ್ಣೂ ಮಂಜಾಗಿ ಹೋದವು. ನನ್ನ ಅಪ್ಪ ಪಕ್ಕೀರಪ್ಪ ಬಸ್ ಡ್ರೈವರ್. ವಾರದಲ್ಲಿ ನಾಲ್ಕು ದಿನ ನೈಟ್ ಹಾಲ್ಟ್. ಅಣ್ಣ ಅಮರೇಶ್ ಹೊಸಪೇಟೆಯಲ್ಲಿ ಹೆಂಡತಿಯ ಜೊತೆ ಇದ್ದಾನೆ. ಅಮ್ಮ ಇಲ್ಲ. ಬಿ.ಎಡ್ ಮುಗಿಸಿ ಮನೆಗೆ ಬಂದಿದ್ದ ನನಗೆ ಎಲ್ಲರೂ ಸೇರಿ, "ಎರಡು ತಿಂಗಳು ನೋಡ್ಕೊಳ್ಳವ್ವ" ಎಂದರು. ಆ ಎರಡು ತಿಂಗಳು ಇನ್ನೂ ಮುಗಿದಿರಲಿಲ್ಲ.

ಬೆಳಿಗ್ಗೆ ಅಜ್ಜಿಯ ಸ್ನಾನ, ಔಷಧಿ, ಊಟ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಟಿವಿ. ಮಾತು ಅಜ್ಜಿಗೆ ಕೇಳಿಸುತ್ತಿತ್ತು. ಆದರೆ ನಮ್ಮ ಸೀರಿಯಲ್ಲುಗಳಲ್ಲಿ ಮಾತಿಗಿಂತ ನೋಟ ಹೆಚ್ಚು. ಅತ್ತೆಯ ಮುಖ ಮೂರು ಸಲ, ಸೊಸೆಯ ಮುಖ ಮೂರು ಸಲ, ಜೊತೆಗೆ ಢಂ ಢಂ ಸದ್ದು. ಆಗೆಲ್ಲ ಅಜ್ಜಿ, "ಹೆಂಗ ನೋಡಾಕ ಹತ್ಯಾಳ? ಹೇಳು" ಎನ್ನುತ್ತಿದ್ದಳು. ನಾನು ಹೇಳಬೇಕು. ಮೂರು ವರ್ಷ ನಾನು ಯಾರ ಮುಖವನ್ನೂ ನೋಡದೆ, ನೋಟಗಳನ್ನು ಮಾತ್ರ ಹೇಳುತ್ತ ಕೂತಿದ್ದೆ. ಓಣಿಯ ಆಚೆ ಹೋದದ್ದು ಮೆಡಿಕಲ್ ಶಾಪಿನವರೆಗೆ, ಅದೂ ಓಡುತ್ತ. ಕಿಟಕಿಯ ಸರಳುಗಳು ಏಳು. ಮಲಗಿದಲ್ಲಿಂದಲೇ ಎಣಿಸಬಲ್ಲೆ.

ಆ ವಾರದ ಸೋಮವಾರ ಒಂದೇ ದಿನ ಐದು ಹೊಸ ಸೀರಿಯಲ್ ಶುರುವಾಗಿದ್ದವು. ಕ್ರಾಂತಿಕುಮಾರ್ ನೋಟ್‌ಬುಕ್ ತೆಗೆದ. ಅಜ್ಜಿ ತೀರ್ಪು ಕೊಡುತ್ತ ಹೋದಳು, ನಾನು ಒಗ್ಗರಣೆ ಹಾಕಿದೆ. ಶನಿವಾರ 'ಸುಂಕಮ್ಮಜ್ಜಿ ಆರಿಸಿದ್ದು' ಎಂದು ಸ್ಕ್ರೋಲ್ ಓಡಿತು.

'ಆರೂವರೆಯದು: ಅವಳಿ ಅಕ್ಕತಂಗಿ. ಕುಂಕುಮ ದೊಡ್ಡದಿದ್ದರೆ ಒಳ್ಳೆಯವಳು, ಚಿಕ್ಕದಿದ್ದರೆ ಕೆಟ್ಟವಳು. ನೋಡಬೇಡಿ. ಏಳರದು: ಗೋಡೆಯೇ ವಾಸಿ ಎಂದು ಮೊದಲೇ ಹೇಳಿದ್ದೇವೆ. ಎಂಟರದು: ಹಾವು ಸೊಸೆಗಿಂತ ಚೆನ್ನಾಗಿ ಮಾತಾಡುತ್ತದೆ. ಹಾವಿಗಾಗಿ ನೋಡಿ. ಎಂಟೂವರೆಯದು: ಮಹಿಳಾ ಪೊಲೀಸ್. ಕಳ್ಳ ಸಿಗಲಿಲ್ಲ, ಇಸ್ತ್ರಿ ಕೆಡಲಿಲ್ಲ. ಏಳೂವರೆಯದು: ಕೋಟ್ಯಧೀಶ ಮತ್ತು ಟೀಚರ್. ಹುಡುಗಿ ಮೂರನೇ ದಿನವೇ ಬ್ಯಾಗ್ ಹಿಡಿದು ಬಸ್ ಹತ್ತಿದಳು. ನೋಡಲೇಬೇಕು.'

ಅಜ್ಜಿಗೆ ಒಂದೇ ಕಾನೂನು. "ಮೊದಲನೇ ವಾರದಾಗ ಹೊಸ್ತಿಲು ದಾಟಲಾರದಾಕಿ ಸಾವಿರ ಎಪಿಸೋಡಾದ್ರೂ ದಾಟಂಗಿಲ್ಲ. ಅಂಥಾಕಿ ಸೀರಿಯಲ್ ಬಿಟ್ಟುಬಿಡ್ರಿ ಅಂತ ಬರಕೊ."

ಇದನ್ನು ಅವನು ಬರೆದುಕೊಂಡ. ಬರೆಯುತ್ತ ಕಣ್ಣೆತ್ತಿ ನನ್ನ ಕಡೆ ನೋಡಿದ. ನಾನು ಅಜ್ಜಿಯ ಹೊದಿಕೆ ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಊರು ಆಟಕ್ಕೆ ಬಿದ್ದುಬಿಟ್ಟಿತು. ಪಕ್ಕದ ಊರು ತೆಲಿಗಿಯ ಹೆಂಗಸರು ಅವಳಿಗಳನ್ನು ಇನ್ನೊಂದು ವಾರ ನೋಡಬಹುದೇ ಎಂದು ಕೇಳಿದರು. ಹಲವಾಗಲಿನ ಪಾಲಾಕ್ಷಪ್ಪ ಎಂಬ ಮೇಷ್ಟರು ಹಾವಿನ ಪರವಾಗಿ ಎರಡು ಪುಟ ಬರೆದು ಕಳಿಸಿದರು. ಪ್ರತಿ ಶುಕ್ರವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅವನು ಬರುತ್ತಿದ್ದ. ಆಮೇಲೆ ಮಂಗಳವಾರವೂ ಬರತೊಡಗಿದ.

"ಏನ್ರೀ, ಇವತ್ತು ಏನ್ ಕೆಟ್ಟೈತಿ?"

"ಏನಿಲ್ರೀ. ಕೆಡಬಹುದು ಅಂತ ಅನಿಸ್ತು."

ಬಾಕ್ಸಿನ ಹಿಂದೆ ಕೂತು ಅವನು ಏನೂ ಕೆಡದ ವೈರನ್ನು ಬಿಚ್ಚಿ ಮತ್ತೆ ಕೂಡಿಸುತ್ತಿದ್ದ. ಟಿವಿಯ ಕರೀ ಪರದೆಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನಿಗೂ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು ಎಂಬುದು ನನಗೆ ಎರಡು ವಾರ ಹೊಳೆಯಲೇ ಇಲ್ಲ. ಹೊಳೆದ ದಿನ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ. ಅವನು ಮುಖ ಸಿಂಡರಿಸದೆ ಪೂರ್ತಿ ಕುಡಿದ. ಅವನು ಹೋದ ಮೇಲೆ ಲೋಟ ತೊಳೆಯಲು ನನಗೆ ಮನಸ್ಸಾಗಲಿಲ್ಲ. ಇದಕ್ಕೆ ಬೇರೆ ಹೆಸರು ಹುಡುಕುವುದೇಕೆ? ನನಗೆ ಅವನ ಮೇಲೆ ಪ್ರೀತಿಯಾಗಿತ್ತು.

ಆ ದಿನಗಳಲ್ಲಿ ನಾನು ಮರೆವಿನವಳಾಗಿದ್ದೇನೆ ಎಂದುಕೊಂಡಿದ್ದೆ. ಟಿವಿ ಮೇಲಿಟ್ಟ ರಿಮೋಟ್ ಅಜ್ಜಿಯ ದಿಂಬಿನ ಕೆಳಗೆ ಸಿಗುತ್ತಿತ್ತು. ಗೂಡಿನಲ್ಲಿಟ್ಟ ಎಲೆಅಡಿಕೆ ಡಬ್ಬಿ ಮಂಚಕ್ಕೆ ಬಂದಿರುತ್ತಿತ್ತು. ನಾನೇ ಕೊಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಒಂಬತ್ತನೇ ವಾರದ ಮಂಗಳವಾರ ಅವನು ವೈರು ಬಿಚ್ಚಲಿಲ್ಲ. ಅಜ್ಜಿ ಮಲಗಿದ್ದಳು. ಅವನು ಹೊಸ್ತಿಲ ಆಚೆಯೇ ನಿಂತ.

"ಹಡಗಲಿಯಾಗ ಹೊಸ ಆಫೀಸ್ ಮಾಡಾಕ ಹತ್ಯಾರಿ. ನನ್ನ ಅಲ್ಲಿಗೆ ಹಾಕ್ಯಾರ. ಸೋಮವಾರ ಹೋಗ್ಬೇಕು."

"ಒಳ್ಳೇದಾತಲ್ರೀ."

"ಅಲ್ಲಿ ಚಾನೆಲ್ಲಿಗೆ ಒಬ್ರು ಮಾತಾಡೋರು ಬೇಕು." ಟೆಸ್ಟರನ್ನು ಜೇಬಿನಿಂದ ತೆಗೆದ, ಮತ್ತೆ ಇಟ್ಟ. "ನನಗೂ ಬೇಕು, ರೇಖಾರೀ. ಬರೇ ಚಾನೆಲ್ಲಿಗೆ ಅಲ್ಲ. ನಮ್ಮವ್ವನ್ನ ನಿಮ್ಮಪ್ಪನ ಹತ್ರ ಕಳಿಸ್ಲಿ?"

ನನ್ನ ಎದೆಯಲ್ಲಿ ಆದದ್ದನ್ನು ಹೇಳಿದರೆ ಏಳೂವರೆಯ ಸೀರಿಯಲ್ಲಿನ ಮಾತಾಗುತ್ತದೆ. ಹೂಂ ಎನ್ನಬೇಕು ಎನಿಸಿತು. ಬಾಯಿಂದ ಬಂದದ್ದು ಬೇರೆ.

"ಅಜ್ಜಿಗೆ ನೋಟ ಹೇಳೋರು ಯಾರ್ರೀ?"

ಅವನು ನನ್ನ ಕೈ ನೋಡಿದ. "ಭಾನುವಾರ ಹನ್ನೊಂದಕ್ಕ ನನ್ನ ಕಡೀ ಲೈವ್ ಐತ್ರಿ. ಈ ವಾರದ ಸೆಲೆಕ್ಷನ್ ನೀವೇ ಬಂದು ಓದ್ರಿ. ಬಂದ್ರ ಒಪ್ಪಿಗಿ ಅಂತ ತಿಳ್ಕೊತೀನಿ. ಬರದಿದ್ರ ಮತ್ತ ಕೇಳಂಗಿಲ್ಲ."

ಅವನ ಬೈಕ್ ಓಣಿಯ ತಿರುವು ದಾಟುವವರೆಗೂ ಸರಳು ಹಿಡಿದು ನಿಂತೆ. ಕೇಬಲ್ ಆಫೀಸು ಬಸ್ ಸ್ಟ್ಯಾಂಡ್ ಎದುರಿಗೆ, ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷ ನನ್ನ ಬಳಿ ಇರಲಿಲ್ಲ.

ಶುಕ್ರವಾರ ಅವನು ಬರಲಿಲ್ಲ. ಸಂಜೆ ಏಳೂವರೆಯದು ಶುರುವಾಯಿತು. ಕೋಟ್ಯಧೀಶ ಟೀಚರ್ ಮನೆಯ ಬಾಗಿಲಿಗೆ ಬಂದು ನಿಂತ. ಮಾತಿಲ್ಲ, ಬರೀ ಪಿಟೀಲು.

"ಹೆಂಗ ನೋಡಾಕ ಹತ್ಯಾನ? ಹೇಳು," ಎಂದಳು ಅಜ್ಜಿ.

"ಹೊಸ್ತಿಲ ಆಚೀನ ನಿಂತಾನಜ್ಜಿ. ಒಳಗ ಬರವಲ್ಲ. ಆಕೀನ್ನ ನೆಟ್ಟಗ ನೋಡವಲ್ಲ, ಆಕಿ ಕೈ ನೋಡ್ತಾನ. ಹುಬ್ಬಿನ ಗೀರು ಮ್ಯಾಲ ಹೋಗ್ತೈತಿ, ನಗಬೇಕಂತಾನ, ನಗು ಬರವಲ್ದು. ಜೇಬಿನ್ಯಾಗಿಂದ ಟೆಸ್ಟರ್ ತಗೀತಾನ, ಮತ್ತ ಇಡ್ತಾನ..."

"ಟಿವಿ ಬಂದ್ ಮಾಡು."

"ಇನ್ನೂ ಮುಗಿದಿಲ್ಲಜ್ಜಿ."

"ಬಂದ್ ಮಾಡು ಅಂದೆ." ಅಜ್ಜಿ ಮಂಜು ಕಣ್ಣನ್ನು ನನ್ನತ್ತ ತಿರುಗಿಸಿದಳು. "ಕೋಟ್ಯಧೀಶನ ಜೇಬಿನ್ಯಾಗ ಟೆಸ್ಟರ್ ಯಾಕ ಇರ್ತೈತಿ ಬೇ?"

ನನಗೆ ಅಳು ಬಂತು. ಮಂಚದ ಕಾಲಿಗೆ ತಲೆ ಆನಿಸಿ ಎಲ್ಲವನ್ನೂ ಹೇಳಿದೆ. ಹಡಗಲಿ, ಭಾನುವಾರ, ಹನ್ನೊಂದು ಗಂಟೆ.

"ನೀ ಏನಂದಿ?"

"ನಿನ್ನ ಬಿಟ್ಟು ಹೆಂಗ ಹೋಗ್ಲಿ?"

ಅಜ್ಜಿ ಹೊದಿಕೆ ಸರಿಸಿದಳು. ಕಾಲು ಕೆಳಗೆ ಇಳಿಬಿಟ್ಟಳು. ಮಂಚ ಹಿಡಿದು ಎದ್ದು ನಿಂತಳು. ಗೋಡೆ ಸವರುತ್ತ ಒಂದು, ಎರಡು, ಮೂರು ಹೆಜ್ಜೆ ಹಾಕಿ, ಟಿವಿ ಮೇಲಿನ ರಿಮೋಟನ್ನು ತಡವದೆ ಕೈಗೆತ್ತಿಕೊಂಡಳು.

ನನ್ನ ಅಳು ನಿಂತುಹೋಯಿತು.

"ಯಾವಾಗಿಂದ?"

"ಹೋದ್ ವರ್ಷ ಉಗಾದಿ ಮುಂದ. ನೀ ನೀರಿಗೆ ಹೋದಾಗ ಎದ್ದು ಅಡ್ಡಾಡ್ತಿದ್ದೆ. ಹೇಳಿದ್ರ ನೀ ಹೋಗ್ತಿದ್ದಿ." ರಿಮೋಟನ್ನು ಎದೆಗೆ ಒತ್ತಿಕೊಂಡಳು. "ಕಣ್ಣು ಹೋದ್ವು. ನಿನ್ನ ದನಿ ಒಂದ ಉಳಿದಿತ್ತು ನನಗ."

ಹದಿನಾಲ್ಕು ತಿಂಗಳು. ಕೊಟ್ಟೂರಿನ ಹೈಸ್ಕೂಲಿಗೆ ಟೀಚರ್ ಆಗಿ ಕರೆದಾಗ ಒಲ್ಲೆ ಎಂದದ್ದು ಆ ಹದಿನಾಲ್ಕು ತಿಂಗಳಲ್ಲೇ. ಗೆಳತಿ ತಸ್ಲೀಮಳ ಮದುವೆಗೆ ಹೋಗದೆ ಉಳಿದದ್ದೂ ಆಗಲೇ. ಸಿಟ್ಟಿನಲ್ಲಿ ನನಗೆ ಮೈಯೆಲ್ಲ ಉರಿಯಿತು. "ನೀ ನನ್ನ ಕೂಡಿಹಾಕಿದ್ದಿ," ಎಂದೆ. ಅವಳು ಇಲ್ಲ ಎನ್ನಲಿಲ್ಲ.

ಶನಿವಾರ ಪೂರ್ತಿ ನಾನು ಮಾತಾಡಲಿಲ್ಲ. ತಟ್ಟೆಯನ್ನು ಅವಳ ಕೈಗಿತ್ತು ಎದ್ದು ಬಂದೆ. ಸಂಜೆ ಟಿವಿ ಹಚ್ಚಲಿಲ್ಲ. ಬಸ್ಸಿನಿಂದ ಇಳಿದು ಬಂದ ಅಪ್ಪ ನಮ್ಮಿಬ್ಬರ ಮುಖ ನೋಡಿ, "ಕರೆಂಟ್ ಇಲ್ಲೇನು?" ಎಂದ.

"ಪಕ್ಕೀರಾ, ನಾಳೆಯಿಂದ ಡೇ ಡ್ಯೂಟಿ ಕೇಳಿ ಹಾಕಿಸ್ಕೊ," ಎಂದಳು ಅಜ್ಜಿ. "ಅಮರೇಶಗ ಫೋನ್ ಹಚ್ಚು. ತಿಂಗಳಾಗ ಒಂದು ವಾರ ಗಂಡ ಹೆಂಡ್ತಿ ಬಂದು ಇಲ್ಲಿರ್ಲಿ. ನನಗ ಮೊಮ್ಮಗಳು ಒಬ್ಬಾಕಿನ ಅಲ್ಲ, ಮೊಮ್ಮಗನೂ ಅದಾನ."

ಎದ್ದು ನಿಂತಿದ್ದ ಅಜ್ಜಿಯ ಕಾಲನ್ನು ನೋಡಿ ಅಪ್ಪ ಅಲ್ಲೇ ಕೂತುಬಿಟ್ಟ.

ಭಾನುವಾರ ಹನ್ನೊಂದಕ್ಕೆ ಇನ್ನು ಐದೇ ನಿಮಿಷ. ನಾನು ಮನಸ್ಸು ಕಲ್ಲು ಮಾಡಿ ಪಾತ್ರೆ ತಿಕ್ಕುತ್ತಿದ್ದೆ. ಸಿಟ್ಟಿದ್ದರೂ ಕಾಲು ಏಳಲಿಲ್ಲ. ಮೂರು ವರ್ಷ ಕೂಡಿಹಾಕಿದರೆ ಬಾಗಿಲು ತೆರೆದಿದ್ದರೂ ಹಾಗೆಯೇ ಆಗುತ್ತದೆ. ಪಡಸಾಲೆಯಿಂದ ಕೋಲಿನ ಸದ್ದು ಕೇಳಿತು. ಓಡಿ ಬಂದೆ. ಅಪ್ಪ ಕೈ ಚಾಚಿದ್ದ, ಅಜ್ಜಿ ಅದನ್ನು ತಳ್ಳಿದಳು. ಕೋಲಿನಿಂದ ಹೊಸ್ತಿಲನ್ನು ತಟ್ಟಿ ನೋಡಿದಳು, ಒಂದು ಕಾಲು ಎತ್ತಿ ಆಚೆ ಇಟ್ಟಳು, ಇನ್ನೊಂದನ್ನೂ ಇಟ್ಟಳು. ಕಟ್ಟೆಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಂತಳು.

"ಕಣ್ಣಿಲ್ಲದ ಮುದುಕಿ ದಾಟಿದೆ," ಎಂದಳು. "ಇನ್ನ ನಿನ್ನ ಸೀರಿಯಲ್ ನೋಡ್ರಿ ಅನ್ಲೋ, ಬಿಡ್ರಿ ಅನ್ಲೋ? ಹೇಳು."

ನಾನು ಸಿಟ್ಟನ್ನು ಮರೆಯಲಿಲ್ಲ. ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡೆ, ಎರಡೂ ನಿಜ. ಆಮೇಲೆ ಕೈಯಲ್ಲಿದ್ದ ಸಾಬೂನು ನೊರೆಯೊಂದಿಗೇ ಓಡಿದೆ.

ಕೇಬಲ್ ಆಫೀಸಿನ ಮೆಟ್ಟಿಲು ಹತ್ತಿದಾಗ ಲೈವ್ ಶುರುವಾಗಿತ್ತು. ಒಂದು ನೀಲಿ ಪರದೆ, ಎರಡು ಕುರ್ಚಿ. ಒಂದರಲ್ಲಿ ಅವನು. ಇನ್ನೊಂದು ಖಾಲಿ. ಅವನು ತಲೆ ತಗ್ಗಿಸಿ ಬಾಗಳಿ ಊರಿನ ಕರೆಂಟ್ ಕಡಿತದ ಸುದ್ದಿ ಓದುತ್ತಿದ್ದ. ತಲೆ ಎತ್ತಿ ನನ್ನನ್ನು ಕಂಡ. ಸುದ್ದಿ ಅರ್ಧಕ್ಕೇ ನಿಂತಿತು.

ಖಾಲಿ ಕುರ್ಚಿಯಲ್ಲಿ ಕೂತೆ. ಎದುರಿಗೆ ಕ್ಯಾಮೆರಾ. ಮೊದಲ ಸಲ ನನ್ನ ಮಾತು ಊರಿಗೆ ಹೋದಾಗ ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಈ ಸಲ ನಾನೇ ಬಂದಿದ್ದೆ.

"ನಮಸ್ಕಾರ್ರೀ. ನಾನು ರೇಖಾ," ಎಂದೆ. "ಈ ವಾರದ ಸೆಲೆಕ್ಷನ್ ಒಂದೇ ಐತಿ."

ಅವನು ಕಾಗದ ಕೆಳಗಿಟ್ಟ. ನನ್ನ ಕಡೆ ತಿರುಗಿದ. ಏನೂ ಮಾತಾಡಲಿಲ್ಲ. ಮನೆಯಲ್ಲಿ ಅಜ್ಜಿ ಟಿವಿಯ ಮುಂದೆ ಕೂತು, ಈ ಮೌನದಲ್ಲಿ ಏನಾಗುತ್ತಿದೆ ಎಂದು ಕಾಯುತ್ತಿರುತ್ತಾಳೆ ಎಂದು ನೆನಪಾಯಿತು. ಪಕ್ಕದಲ್ಲಿರುವ ಅಪ್ಪನಿಗೆ ನೋಟ ಹೇಳಲು ಬರುವುದಿಲ್ಲ.

ಕ್ಯಾಮೆರಾದ ಕಡೆ ಬಾಗಿದೆ.

"ಅಜ್ಜಿ, ಆತ ನನ್ನ ನೋಡಾಕ ಹತ್ಯಾನ," ಎಂದೆ. "ಈ ಸಲ ನೆಟ್ಟಗ ನೋಡಾಕ ಹತ್ಯಾನ. ಹುಬ್ಬಿನ ಗೀರು ಮ್ಯಾಲ ಹೋಗೈತಿ. ಕಣ್ಣಾಗ ನೀರು ಬಂದಾವು, ಮಂದಿ ನೋಡ್ತಾರಂತ ಒರೆಸ್ಕೊಳ್ಳವಲ್ಲ. ಈಗ ನಗಾಕ ಹತ್ಯಾನ. ಹೂಂ ಅಜ್ಜಿ, ಜೇಬಿನ್ಯಾಗ ಟೆಸ್ಟರ್ ಐತಿ."