ಮೊದಲನೆಯ ಡಬ್ಬಿಯ ಬ್ಯಾಟರಿ

ಬಣ್ಣದ ಕಾರ್ಖಾನೆಯ ಕೊಳಚೆ ಸುರಂಗದಲ್ಲಿ ಕೂಲಿಯವನೊಬ್ಬ ವಿಷಗಾಳಿಗೆ ಸತ್ತ ಮೂರನೆಯ ದಿನ, ಅಲ್ಲಿ ಗಾಳಿಯ ಎಚ್ಚರಿಕೆ ತೋರಿಸುವ ಕಂಪ್ಯೂಟರ್ ಪರದೆ ಕಾಯುವ ಅಕ್ಕ ರೇಡಿಯೋ ರಿಪೇರಿ ಅಂಗಡಿಗೆ ಬಂದಳು. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಬರುತ್ತಿದ್ದುದು ಆ ಅಂಗಡಿಯ ಮಾವನ ಹತ್ತಿರವೇ. ಚೀಲ ಹೊತ್ತು ಹಿಂದೆ ಹೋಗುವುದು ಅಳಿಯನ ಪಾಲು.

"ನಾನು ನಿದ್ದೆ ಮಾಡಿಲ್ಲ ಅಣ್ಣಾ, ಪರದೆ ಹಸಿರಾಗೇ ಇತ್ತು. ಸತ್ತಿದ್ದು ನನ್ನ ಸ್ವಂತ ತಮ್ಮ. ಅಮ್ಮ ನನ್ನ ಮುಖ ನೋಡ್ತಿಲ್ಲ."

ಸುರಂಗದಲ್ಲಿ ಗಾಳಿ ಮೂಸುವ ಏಳು ಡಬ್ಬಿಗಳಿದ್ದವು. ತಂತಿಯಿಲ್ಲ. ಒಳತುದಿಯ ಏಳನೆಯದು ಆರಕ್ಕೆ, ಆರು ಐದಕ್ಕೆ, ಹೀಗೆ ಸುದ್ದಿ ದಾಟಿಸಿ, ಕೊನೆಗೆ ಒಂದನೆಯದು ಆಫೀಸಿಗೆ ಮುಟ್ಟಿಸಬೇಕು.

"ಎಲ್ಲ ಸುದ್ದೀನೂ ಸರಿಯಾಗೇ ಬಂದಿದೆ," ಎಂದ ಕಾರ್ಖಾನೆಯ ಎಂಜಿನಿಯರ್ ಅವರು ಅಲ್ಲಿಗೆ ಹೋದಾಗ, ಸೆಂಟು ಹಾಕಿದ ಕರವಸ್ತ್ರ ಮೂಗಿಗೆ ಹಿಡಿದು. "ಹೋದ ತಿಂಗಳು ಏಳಕ್ಕೂ ಒಂದೇ ದಿನ ಹೊಸ ಬ್ಯಾಟರಿ ಹಾಕ್ಸಿದೀನಿ. ಡಬ್ಬಿಗಳ ಪಾಸ್‌ವರ್ಡ್ ಇರೋದು ನನ್ನೊಬ್ಬನ ಹತ್ರ. ಬೇರೆಯವರು ಕೈಯಾಡಿಸೋ ಹಾಗೇ ಇಲ್ಲ."

ಮಾವ, ಅಳಿಯ ಮುಖವಾಡ ಕಟ್ಟಿ ಇಳಿದರು. ಗೋಡೆಗೆ ಹತ್ತಿದ ನೀಲಿ ಲೋಳೆ ಅಳಿಯನ ಅಂಗೈಗೆ ಮೆತ್ತಿಕೊಂಡಿತು. ಹೊಟ್ಟೆ ತೊಳಸಿದರೂ ಅವನು ತಡೆದುಕೊಂಡ. ಮಾವ ಮಾತ್ರ ಒಂದೊಂದೇ ಡಬ್ಬಿ ಬಿಚ್ಚಿ ಬ್ಯಾಟರಿ ಅಳೆದರು.

ಸಂಜೆ ಮಾಲೀಕ, ಇನ್ಸ್‌ಪೆಕ್ಟರ್, ಎಂಜಿನಿಯರ್, ಅಕ್ಕ, ಅವಳ ತಾಯಿ ಎಲ್ಲರೂ ಪರದೆಯ ಕೋಣೆಯಲ್ಲಿ ಸೇರಿದರು.

"ಒಂದನೇ ಡಬ್ಬಿ ಉಳಿದ ಆರರ ಹೊರೆ ಹೊರಬೇಕು. ಮೊದಲು ಸುಸ್ತಾಗೋದು ಅದೇ," ಎಂದರು ಮಾವ. "ಆದ್ರೆ ಅದರ ಬ್ಯಾಟರಿ ಹೆಚ್ಚೂಕಡಿಮೆ ತುಂಬಿದೆ. ಅಂದ್ರೆ ಬೇರೆಯವರ ಸುದ್ದಿ ಅದು ದಾಟಿಸೇ ಇಲ್ಲ. ಎರಡನೇದು ಪೂರ್ತಿ ಖಾಲಿ. ಮುಟ್ಟಿತು ಅಂತ ಉತ್ತರ ಬರದಿದ್ರೆ ಡಬ್ಬಿ ಮತ್ತೆ ಮತ್ತೆ ಹೇಳುತ್ತೆ. ಕೆಟ್ಟಿದ್ರೆ ಒಂದನೇದು ತನ್ನ ಸುದ್ದೀನೂ ಕಳಿಸ್ತಿರಲಿಲ್ಲ. ಅದು ಕಳಿಸ್ತಾನೇ ಇದೆ. ಬೇರೆಯವರದ್ದು ತಗೋಬೇಡ ಅಂತ ಅದಕ್ಕೆ ಯಾರೋ ಹೇಳಿದಾರೆ. ಹೊಸ ಸುದ್ದಿ ಬರದೆ ಪರದೆ ಉಳಿದ ಆರರ ಹಳೇ ಹಸಿರನ್ನೇ ತೋರಿಸ್ತಾ ಕೂತಿತ್ತು. ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ನೀವೇ ಹೇಳಿದ್ರಿ, ಸ್ವಾಮಿ."

ಎಂಜಿನಿಯರ್ ಕರವಸ್ತ್ರ ಮಡಿಸಿದ. "ವಾರಕ್ಕೆ ಎರಡು ಸಲ ಎಚ್ಚರಿಕೆ ಬರ್ತಿತ್ತು. ಬಂದಾಗೆಲ್ಲ ಅರ್ಧ ದಿನ ಕೆಲಸ ನಿಲ್ಲೋದು. ಅದಕ್ಕೇ ಉಳಿದ ಆರರ ಸುದ್ದಿ ತಡೆದಿಟ್ಟೆ. ಏನೋ ಒಂದು ಸಲ ಹೀಗಾಯ್ತು ಅಂತ ಇಷ್ಟು ದೊಡ್ಡದು ಮಾಡಿದ್ರೆ..."

ಥೂ ಎನಿಸಿತು ಅಳಿಯನಿಗೆ. ಸುರಂಗದಲ್ಲಿ ತಡೆದುಕೊಂಡಿದ್ದ ವಾಂತಿ ಈಗ ನುಗ್ಗಿ ಬಂತು. ಕಿಟಕಿಯಾಚೆ ಬಗ್ಗಿ ಕಕ್ಕಿದ.

ತಾಯಿ ಮಾವನನ್ನು ಕೇಳಿದಳು, "ಆ ಎರಡನೇದು ಎಷ್ಟು ಹೊತ್ತು ಹೇಳ್ತಿತ್ತಪ್ಪಾ?"

"ಜೀವ ಇರೋವರೆಗೂ ಅಮ್ಮಾ. ಕೇಳೋರಿರಲಿಲ್ಲ."

ಆಕೆ ಮಗಳತ್ತ ತಿರುಗಿದಳು. "ನೀನೂ ಮೂರು ದಿನದಿಂದ ಹೇಳ್ತಾನೇ ಇದ್ದೆ," ಎಂದಳು. "ನಡಿ, ಮನೆಗೆ ಹೋಗೋಣ."